ಒಂದೇ ಕಂಬಕ್ಕೆ ಮೂರು ಡಿಶ್: ಚಿತ್ರದುರ್ಗದ ತಾರಸಿ, ಪೈಪ್ ಸೈಜು ಯಾವುದು, ಆರ್ಮ್ ಹೇಗೆ?

ಕೋಟೆಬಾಗಿಲು

ಮನೆ ಚಿತ್ರದುರ್ಗದಲ್ಲಿ. ಕೆಳಗೆ ಒಂದು, ಮೇಲೆ ಒಂದು ಮನೆ, ಹಿಂದೆ ಒಂದು ಸಣ್ಣ ಔಟ್‌ಹೌಸ್. ಕೆಳಗೆ ಡಿಡಿ ಫ್ರೀ ಡಿಶ್, ಮೇಲೆ ಟಾಟಾ ಪ್ಲೇ, ಔಟ್‌ಹೌಸ್‌ಗೆ ಏರ್‌ಟೆಲ್. ಮೂರೂ 60 ಸೆಂ.ಮೀ. ಡಿಶ್. ಈಗ ತಾರಸಿಯ ಮೂರು ಮೂಲೆಯಲ್ಲಿ ನೆಲಕ್ಕೇ ಬೋಲ್ಟ್ ಹೊಡೆದು ಕೂರಿಸಲಾಗಿದೆ, ಒಟ್ಟು 12 ತೂತು. ಮುಂಗಾರಿಗೆ ಮುಂಚೆ ತಾರಸಿಗೆ ವಾಟರ್‌ಪ್ರೂಫಿಂಗ್ ಆಗಬೇಕು. ಆಗ ಮೂರನ್ನೂ ಕಿತ್ತು ಒಂದೇ ಕಂಬಕ್ಕೆ ಹಾಕುವ ಆಲೋಚನೆ.

ಅಂದುಕೊಂಡಿರುವುದು ಹೀಗೆ: ಒಂದೂವರೆ ಇಂಚಿನ ಜಿಐ ಪೈಪ್, 10 ಅಡಿ ಎತ್ತರ, ಮೂರು ಡಿಶ್ ಒಂದರ ಕೆಳಗೊಂದು. ಪಕ್ಕದಲ್ಲಿ 1000 ಲೀಟರಿನ ನೀರಿನ ಟ್ಯಾಂಕ್ ಇದೆ, ಅದು ಅಡ್ಡ ಬರದಿರಲಿ ಅಂತ 10 ಅಡಿ. ಪೈಪ್ ತಡೆಯುತ್ತದಾ? ಒಂದು ಡಿಶ್ ಇನ್ನೊಂದಕ್ಕೆ ಅಡ್ಡ ಬರುತ್ತದಾ? ಕಂಬವನ್ನು ಎಲ್ಲಿಗೆ ಬಿಗಿಯಬೇಕು? ಪೈಪ್ ಇನ್ನೂ ತಂದಿಲ್ಲ, ಅದಕ್ಕೇ ಮೊದಲೇ ಕೇಳುತ್ತಿದ್ದೇನೆ.

ಡಿಬಿಮೀಟರ್

ಪೈಪ್ ತರದೇ ಇದ್ದದ್ದು ಒಳ್ಳೆಯದಾಯಿತು. ಒಂದರ ಕೆಳಗೊಂದು ಜೋಡಿಸುವುದು ನಮ್ಮ ಕಡೆ ಆಗದ ಕೆಲಸ. ಯೂಟ್ಯೂಬಿನಲ್ಲಿ ಕಾಣುವ ಯುರೋಪಿನ ಕಂಬಗಳನ್ನು ನೋಡಿ ಹಾಗೆ ಅನಿಸುತ್ತದೆ. ಅಲ್ಲಿ ಉಪಗ್ರಹ ದಿಗಂತದಿಂದ 30 ಡಿಗ್ರಿ ಆಸುಪಾಸಿನಲ್ಲಿರುತ್ತದೆ, ಡಿಶ್ ಹೆಚ್ಚುಕಡಿಮೆ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ನಾವಿರುವುದು 14 ಡಿಗ್ರಿ ಅಕ್ಷಾಂಶದಲ್ಲಿ. ನಮ್ಮ ಡಿಶ್ ಆಕಾಶ ನೋಡಿಕೊಂಡು ಮಲಗಿರುತ್ತದೆ.

ಚಿತ್ರದುರ್ಗಕ್ಕೆ ಲೆಕ್ಕ ಹಾಕಿದರೆ ಹೀಗೆ ಬರುತ್ತದೆ. ಟಾಟಾ ಪ್ಲೇ ಉಪಗ್ರಹ 83 ಡಿಗ್ರಿ ಪೂರ್ವ ರೇಖಾಂಶದಲ್ಲಿ: ದಿಕ್ಕು ಉತ್ತರದಿಂದ ಪ್ರದಕ್ಷಿಣೆಯಾಗಿ 154.8, ಎತ್ತರದ ಕೋನ 71.6. ಫ್ರೀ ಡಿಶ್, ಜಿಸ್ಯಾಟ್-15, 93.5 ಡಿಗ್ರಿ: ದಿಕ್ಕು 128.6, ಎತ್ತರ 64.1. ಏರ್‌ಟೆಲ್, ಎಸ್‌ಇಎಸ್-7, 108.2 ಡಿಗ್ರಿ: ದಿಕ್ಕು 111.6, ಎತ್ತರ 49.9.

ಈಗ ಕಂಬದ ನಡುವೆ ಕಟ್ಟಿದ ಡಿಶ್ ಏನಾಗುತ್ತದೆ ನೋಡಿ. ಡಿಟಿಎಚ್ ಡಿಶ್ ಆಫ್‌ಸೆಟ್ ಜಾತಿಯದು, ಅದರ ಮುಖ ಉಪಗ್ರಹಕ್ಕಿಂತ ಸುಮಾರು 24 ಡಿಗ್ರಿ ಕೆಳಗೆ ನೋಡುತ್ತದೆ. 83ಕ್ಕೆ ತಿರುಗಿಸಿದರೆ ಮುಖ 47 ಡಿಗ್ರಿಯಷ್ಟು ಹಿಂದಕ್ಕೆ ವಾಲುತ್ತದೆ. ಡಿಶ್‌ನ ಮೇಲಂಚು ಅದರ ನಡುಭಾಗಕ್ಕಿಂತ 22 ಸೆಂ.ಮೀ. ಹಿಂದೆ ಬರುತ್ತದೆ. ಬ್ರಾಕೆಟ್ ಡಿಶ್‌ನ ನಡುವನ್ನು ಕಂಬದಿಂದ 12 ಸೆಂ.ಮೀ. ಮುಂದೆ ಹಿಡಿದಿದೆ ಅಂದುಕೊಂಡರೂ ಮೇಲಂಚು ಕಂಬಕ್ಕೆ ಬಡಿಯುತ್ತದೆ, ಬೇಕಾದ ಕೋನಕ್ಕೆ ಹೋಗುವುದೇ ಇಲ್ಲ. ಫ್ರೀ ಡಿಶ್‌ನದೂ ಇದೇ ಕಥೆ. ಏರ್‌ಟೆಲ್ ಒಂದಕ್ಕೆ 13 ಸೆಂ.ಮೀ. ಬರುತ್ತದೆ, ಕೂದಲೆಳೆಯಲ್ಲಿ ತಾಗುತ್ತದೆ. ಒಂದು ವೇಳೆ ಬ್ರಾಕೆಟ್ ಉದ್ದ ಮಾಡಿ ದೂರ ನಿಲ್ಲಿಸಿದಿರಿ ಅನ್ನಿ, 64 ಡಿಗ್ರಿಯಲ್ಲಿ ಮೇಲಕ್ಕೆ ನೋಡುವ ಡಿಶ್‌ಗೆ ನೇರ ಎದುರಿಗೆ ಮೇಲಿನ ಡಿಶ್‌ನ ಹೊಟ್ಟೆಯೇ ಬರುತ್ತದೆ.

ಹಾಗಾಗಿ ಪ್ರತಿ ಡಿಶ್‌ಗೂ ಅದರದೇ ಒಂದು ಗಿಡ್ಡ ನೆಟ್ಟ ಪೈಪ್ ಬೇಕು, ಆ ಪೈಪ್ ಡಿಶ್‌ನ ಕೆಳಗೇ ಮುಗಿಯಬೇಕು. ಕಂಬದ ತಲೆಗೆ ಅಡ್ಡ ಪೈಪ್, ಅಡ್ಡ ಪೈಪಿನ ಮೇಲೆ ಮೂರು ಗಿಡ್ಡ ಪೈಪ್. ಇದೊಂದೇ ದಾರಿ.

ಟ್ಯಾಂಕಿನ ಭಯ ಬಿಡಿ. ಅತಿ ಕೆಳಗಿರುವ ಏರ್‌ಟೆಲ್ಲೇ 50 ಡಿಗ್ರಿ ಮೇಲಿದೆ. 3 ಮೀಟರ್ ದೂರದ ವಸ್ತು ಡಿಶ್‌ಗಿಂತ ಮೂರೂವರೆ ಮೀಟರ್ ಎತ್ತರ ಇದ್ದರೆ ಮಾತ್ರ ಅಡ್ಡ. ಇನ್ನೆರಡಕ್ಕೆ ಆ ಚಿಂತೆಯೂ ಇಲ್ಲ. ಪೂರ್ವ-ಆಗ್ನೇಯಕ್ಕೆ ಪಕ್ಕದವರ ತೆಂಗಿನಮರ ಇದೆಯಾ ಅಂತ ಒಂದು ಸಲ ನೋಡಿ, ಅಷ್ಟೇ. 4 ಅಡಿ ಕಂಬ ಧಾರಾಳ ಸಾಕು. ನಮ್ಮ ಊರಲ್ಲಿ ಎತ್ತರದ ಕಂಬದಿಂದ ಸಿಗುವುದು ಗಾಳಿ ಮಾತ್ರ, ಸಿಗ್ನಲ್ ಅಲ್ಲ.

ಗಾಳಿಯ ಲೆಕ್ಕವನ್ನೂ ಕೊಡುತ್ತೇನೆ. ಜೋಗಿಮಟ್ಟಿ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಗಂಟೆಗೆ 80 ಕಿ.ಮೀ. ಬೀಸುವ ಗಾಳಿಗೆ 60 ಸೆಂ.ಮೀ. ಡಿಶ್ ಒಂದರ ಮೇಲೆ ಸುಮಾರು 10 ಕೆಜಿ ಭಾರದಷ್ಟು ತಳ್ಳು ಬೀಳುತ್ತದೆ, 120 ಕಿ.ಮೀ.ಗೆ 22 ಕೆಜಿ. ವೇಗ ಒಂದೂವರೆ ಪಟ್ಟಾದರೆ ತಳ್ಳು ಎರಡೂಕಾಲು ಪಟ್ಟು. ಮೂರೂ ಡಿಶ್ ತಲೆಯಲ್ಲಿರುವ ನಿಮ್ಮ 10 ಅಡಿ, ಒಂದೂವರೆ ಇಂಚಿನ ಮೀಡಿಯಂ ಪೈಪ್ ಬರೀ 80 ಕಿ.ಮೀ. ಗಾಳಿಗೇ ತುದಿಯಲ್ಲಿ ಮೂರೂವರೆ ಡಿಗ್ರಿ ವಾಲುತ್ತದೆ. 60 ಸೆಂ.ಮೀ. ಡಿಶ್‌ನ ಇಡೀ ಕಿರಣದ ಅಗಲವೇ 3 ಡಿಗ್ರಿ ಆಸುಪಾಸು. ಅಂದರೆ ಪ್ರತಿ ಬೀಸಿಗೂ ಚಿತ್ರ ಹೋಗುತ್ತದೆ. 120ರಲ್ಲಿ ಪೈಪ್ ಬುಡದಲ್ಲಿ ಬಾಗಿ ಹಾಗೇ ಉಳಿಯುತ್ತದೆ. ಅದೇ 2 ಇಂಚಿನ ಮೀಡಿಯಂ ಪೈಪ್, 4 ಅಡಿ ಆದರೆ ವಾಲುವುದು ಕಾಲು ಡಿಗ್ರಿ. ಗೊತ್ತೂ ಆಗುವುದಿಲ್ಲ.

ಜಿಸ್ಯಾಟ್-15 ತನ್ನ ಜಾಗ ಬಿಟ್ಟು ಕದಲದಂತೆ ಹಾಸನದ ಎಂಸಿಎಫ್‌ನವರು (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ಹಗಲುರಾತ್ರಿ ಕಾಯುತ್ತಾರೆ. ಕೆಳಗಿನ ತುದಿಯನ್ನು ಕದಲದಂತೆ ನಿಲ್ಲಿಸುವುದಷ್ಟೇ ನಮ್ಮ ಪಾಲಿನ ಕೆಲಸ.

ವೆಲ್ಡಿಂಗ್_ಚಳ್ಳಕೆರೆ

ಮೇಲಿನವರು ಹೇಳಿದ್ದು ಸರಿ. ಮಾಡಿಸುವ ಬಗೆ ನಾನು ಬರೆಯುತ್ತೇನೆ.

ಕಂಬಕ್ಕೆ 2 ಇಂಚಿನ ಜಿಐ, ಮೀಡಿಯಂ ಕ್ಲಾಸ್, ಗೋಡೆ ದಪ್ಪ 3.6 ಮಿ.ಮೀ. ಪೈಪಿನ ಮೇಲೆ ನೀಲಿ ಪಟ್ಟಿ ಇದ್ದರೆ ಮೀಡಿಯಂ, ಹಳದಿ ಇದ್ದರೆ ಲೈಟ್. ಹಳದಿ ಬೇಡ. ಉದ್ದ 7 ಅಡಿ ಕತ್ತರಿಸಿ: 3 ಅಡಿ ಗೋಡೆಗೆ ಬಿಗಿಯಲು, 4 ಅಡಿ ಮೇಲೆ. ಅಡ್ಡ ಪೈಪ್ ಒಂದೂವರೆ ಇಂಚು ಮೀಡಿಯಂ, 1.6 ಮೀಟರ್. ಗಿಡ್ಡ ಪೈಪ್ ಮೂರು, ತಲಾ 30 ಸೆಂ.ಮೀ., ಅಡ್ಡ ಪೈಪಿನ ಎರಡು ತುದಿಗೆ ಒಂದೊಂದು, ನಡುವೆ ಒಂದು. ನಡುನಡುವೆ 75 ಸೆಂ.ಮೀ. ಬಿಟ್ಟರೆ ಡಿಶ್ ಅಂಚು ತಾಗುವುದಿಲ್ಲ, ಸ್ಪ್ಯಾನರ್ ಹಿಡಿದ ಕೈಯೂ ಆಡುತ್ತದೆ.

ಗಿಡ್ಡ ಪೈಪಿನ ಸೈಜನ್ನು ಅಂದಾಜಿನಲ್ಲಿ ತರಬೇಡಿ. ಒಂದೊಂದು ಕಂಪನಿಯ ಕ್ಲ್ಯಾಂಪ್ ಒಂದೊಂದು ಅಳತೆ. ಈಗಿರುವ ಮೂರು ಡಿಶ್‌ನ ಕಾಲುಗಳನ್ನು ಬಿಚ್ಚಿ, ಅದೇ ಪೈಪಿನ ನೇರ ಭಾಗವನ್ನು ಕತ್ತರಿಸಿ ಅಡ್ಡ ಪೈಪಿಗೆ ವೆಲ್ಡ್ ಮಾಡಿಸಿ. ಕ್ಲ್ಯಾಂಪಿಗೆ ಸರಿಯಾಗಿ ಕೂರುತ್ತದೆ, ದುಡ್ಡೂ ಉಳಿಯುತ್ತದೆ. ಪೈಪ್ ಸಣ್ಣದಾದರೆ ಕ್ಲ್ಯಾಂಪಿನ ಎರಡು ಕಿವಿ ಒಂದಕ್ಕೊಂದು ತಾಗಿ ನಿಂತುಬಿಡುತ್ತವೆ. ನಟ್ ಎಷ್ಟು ತಿರುಗಿಸಿದರೂ ಬಿಗಿ ಆದಂತೆ ಕಾಣುತ್ತದೆ, ಪೈಪನ್ನು ಮಾತ್ರ ಹಿಡಿದಿರುವುದಿಲ್ಲ. ಕಿವಿಗಳ ನಡುವೆ ಬಿಗಿದ ಮೇಲೂ ಮೂರ್ನಾಲ್ಕು ಮಿ.ಮೀ. ಸಂದು ಕಾಣಬೇಕು.

ವೆಲ್ಡಿಂಗ್‌ನಲ್ಲಿ ಎಡವುವುದು ಒಂದೇ ಕಡೆ. ಗಿಡ್ಡ ಪೈಪಿಗೆ ಒಂದು ಬದಿಯಿಂದ ಪೂರ್ತಿ ವೆಲ್ಡ್ ಎಳೆದರೆ, ಆರುವಾಗ ಅದು ಆ ಬದಿಗೇ ಎಳೆದುಕೊಂಡು ವಾಲುತ್ತದೆ. ಮೊದಲು ನಾಲ್ಕು ಕಡೆ ಚುಕ್ಕೆ ಹಾಕಿಸಿ, ಸ್ಪಿರಿಟ್ ಲೆವೆಲನ್ನು ಎರಡು ಪಕ್ಕಕ್ಕೆ, 90 ಡಿಗ್ರಿ ಅಂತರದಲ್ಲಿ ಹಿಡಿದು ನೋಡಿ, ಆಮೇಲೆ ಎದುರುಬದುರು ಸ್ವಲ್ಪ ಸ್ವಲ್ಪ ತುಂಬಿಸಿ. ಅಡ್ಡ ಪೈಪು ಕಂಬಕ್ಕೆ ಸೇರುವಲ್ಲಿ ಎರಡು ಬದಿಗೂ ತ್ರಿಕೋನದ 6 ಮಿ.ಮೀ. ಪಟ್ಟಿ ಕೊಡಿಸಿ. ವೆಲ್ಡ್ ಮಾಡುವ ಜಾಗದಲ್ಲಿ ಜಿಂಕ್ ಪದರವನ್ನು ಗ್ರೈಂಡರಿನಲ್ಲಿ ತೆಗೆದೇ ಮಾಡಬೇಕು. ಅದರ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ, ಹಾಗಾಗಿ ಬಯಲಲ್ಲೇ ಮಾಡಿಸಿ. ಸುಟ್ಟ ಜಾಗಕ್ಕೆ ರೆಡ್ ಆಕ್ಸೈಡ್ ಸಾಲದು, ಜಿಂಕ್ ಹೆಚ್ಚಿರುವ ಕೋಲ್ಡ್ ಗ್ಯಾಲ್ವನೈಸಿಂಗ್ ಪೇಂಟ್ ಎರಡು ಕೋಟ್ ಹೊಡೆಯಿರಿ. ಎಲ್ಲ ಪೈಪಿನ ಬಾಯಿಗೂ ಮುಚ್ಚಳ, ಕಂಬದ ಬುಡದಲ್ಲಿ ನೀರು ಇಳಿಯಲು 6 ಮಿ.ಮೀ. ತೂತು.

ವೆಲ್ಡಿಂಗ್ ಬೇಡ, ಯು-ಬೋಲ್ಟಿನಲ್ಲೇ ಬಿಗಿಯುತ್ತೇನೆ ಅಂದರೂ ನಡೆಯುತ್ತದೆ. ಆದರೆ ತುದಿಯ ಡಿಶ್‌ಗೆ ಗಾಳಿ ಹೊಡೆದಾಗ ಅಡ್ಡ ಪೈಪ್ ತಿರುಚುತ್ತದೆ, ಯು-ಬೋಲ್ಟ್ ಜಾರುತ್ತದೆ. ಎಲ್ಲ ಹೊಂದಿಸಿ ಮುಗಿದ ಮೇಲೆ ಎರಡೂ ಪೈಪಿಗೆ ಆರ್‌ಪಾರ್ ತೂತು ಕೊರೆದು ಒಂದು ಎಂ8 ಬೋಲ್ಟ್ ಹಾಕಿಬಿಡಿ.

ಕಂಬ ಎಲ್ಲಿಗೆ? ತಾರಸಿ ನೆಲಕ್ಕೆ ಮಾತ್ರ ಬೇಡ, ಮತ್ತೆ ಅದೇ ತೂತು. ಮೆಟ್ಟಿಲಿನ ಹೆಡ್‌ರೂಮಿಗೆ 9 ಇಂಚಿನ ಗೋಡೆ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮುಂದಿನ ಮಹಡಿಗೆ ಅಂತ ಬಿಟ್ಟ ಆರ್‌ಸಿಸಿ ಪಿಲ್ಲರ್ ತುಂಡು ಇದ್ದರೆ ಅದೂ ಸರಿ. ಎರಡು ಕ್ಲ್ಯಾಂಪ್, ನಡುವೆ ಕಡಿಮೆ ಎಂದರೆ 75 ಸೆಂ.ಮೀ. ಇಟ್ಟಿಗೆ ಗೋಡೆಗೆ ಎಂ10 ಬೋಲ್ಟನ್ನು ಆಚೆ ತನಕ ತೂರಿಸಿ ಒಳಗಡೆ ಪ್ಲೇಟ್ ಕೊಡಿ. ಇಟ್ಟಿಗೆಯಲ್ಲಿ ಆಂಕರ್ ಬೋಲ್ಟ್ ಬಿಗಿದರೆ ಅದು ಇಟ್ಟಿಗೆಯನ್ನೇ ಸೀಳುತ್ತದೆ. 4 ಇಂಚಿನ ಪ್ಯಾರಾಪೆಟ್‌ಗೆ ಖಂಡಿತ ಬೇಡ, ಗಾಳಿಗೆ ಗೋಡೆಯೇ ಅಲ್ಲಾಡಿ ಬುಡದಲ್ಲಿ ಬಿರುಕು ಬಿಡುತ್ತದೆ.

ಇವೆರಡೂ ಇಲ್ಲದಿದ್ದರೆ ತಾರಸಿ ಮೇಲೆ ಕಾಂಕ್ರೀಟ್ ಗಟ್ಟೆ, ತೂತಿಲ್ಲದೆ. ಎರಡು ಅಡಿ ಚೌಕ, ಒಂದು ಅಡಿ ಎತ್ತರದ್ದು 260 ಕೆಜಿ ತೂಗುತ್ತದೆ, ಮೂರು ಡಿಶ್‌ಗೆ ಅದು ಸಾಲದು. ಎರಡೂವರೆ ಅಡಿ ಚೌಕ ಬೇಕು, ಅದು 400 ಕೆಜಿ. ಇದನ್ನು ಸ್ಲ್ಯಾಬಿನ ನಡುವೆ ಇಡಬೇಡಿ, ಪಿಲ್ಲರ್ ಮೇಲೆ ಅಥವಾ ಎರಡು ಬೀಮ್ ಕೂಡುವ ಕಡೆ ಮಾತ್ರ.

ಪಿ.ಜೆ._ಬಡಾವಣೆ

ದಾವಣಗೆರೆಯಿಂದ. ಇದೇ ತರಹ ಅಡ್ಡ ಪೈಪ್ ಕಂಬಕ್ಕೆ 6 ಅಡಿಯ ಸಿ-ಬ್ಯಾಂಡ್ ಡಿಶ್ ಕೂಡ ಸೇರಿಸಬಹುದಾ? ಕೋನಗಳು ನಮ್ಮೂರಿಗೂ ಇವೇನಾ?

ಡಿಬಿಮೀಟರ್

ಕೋನ ಹೆಚ್ಚುಕಡಿಮೆ ಅವೇ. ದಾವಣಗೆರೆಗೆ ಎತ್ತರದ ಕೋನ ಅರ್ಧ ಡಿಗ್ರಿ ಕಡಿಮೆ: 83ಕ್ಕೆ 71.1, 93.5ಕ್ಕೆ 63.5, 108.2ಕ್ಕೆ 49.3. ದಿಕ್ಕಿನಲ್ಲಿ ಒಂದೂಕಾಲು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇಲ್ಲ.

6 ಅಡಿ ಡಿಶ್ ಸೇರಿಸಬೇಡಿ. ಅದರ ವಿಸ್ತೀರ್ಣ 60 ಸೆಂ.ಮೀ. ಡಿಶ್‌ನ ಒಂಬತ್ತು ಪಟ್ಟು, ಗಾಳಿಯ ತಳ್ಳೂ ಅಷ್ಟೇ ಪಟ್ಟು. 120 ಕಿ.ಮೀ. ಗಾಳಿಗೆ ಅದೊಂದರ ಮೇಲೆಯೇ 200 ಕೆಜಿ ಬೀಳುತ್ತದೆ. ಅದಕ್ಕೆ ಅದರದೇ ಮೂರು ಕಾಲಿನ ಸ್ಟ್ಯಾಂಡ್ ಇರಲಿ. ತಗಡಿನ ಡಿಶ್‌ಗಿಂತ ಜಾಲರಿ ಡಿಶ್ ತೆಗೆದುಕೊಳ್ಳಿ. ಈ ದೊಡ್ಡ ಡಿಶ್ ಪ್ರೈಮ್ ಫೋಕಸ್ ಜಾತಿಯದು, ಆಫ್‌ಸೆಟ್ ಅಲ್ಲ, ಅದರ ಮುಖ ನೇರ ಉಪಗ್ರಹವನ್ನೇ ನೋಡುತ್ತದೆ, 70 ಡಿಗ್ರಿಗೆ ಎತ್ತಿದರೆ ಬಾಣಲೆಯ ಹಾಗೆ ಮಳೆನೀರು ಹಿಡಿದಿಡುತ್ತದೆ. ತಗಡಿನದೇ ಇದ್ದರೆ ಕೆಳ ಅಂಚಿನ ಕಡೆ ನೀರು ನಿಲ್ಲುವ ಜಾಗ ನೋಡಿ 8 ಮಿ.ಮೀ. ತೂತು ಹಾಕಿ.

ಆರ್‌ಜಿ_ಆರು

ಕೇಬಲ್ ಬಗ್ಗೆ ಯಾರೂ ಹೇಳಲಿಲ್ಲ. ಕಂಬ ಒಂದಾದರೂ ಕೇಬಲ್ ಒಂದಾಗುವುದಿಲ್ಲ. ಮೂರು ಬಾಕ್ಸಿಗೆ ಮೂರು ಪ್ರತ್ಯೇಕ ಆರ್‌ಜಿ-6. ಬಾಕ್ಸು ತನ್ನ ಎಲ್‌ಎನ್‌ಬಿಗೆ (ಡಿಶ್‌ನ ಮುಂದಿನ ಆರ್ಮ್ ತುದಿಯಲ್ಲಿ ಸಿಗ್ನಲ್ ಹಿಡಿಯುವ ಭಾಗ) 13 ಅಥವಾ 18 ವೋಲ್ಟ್ ಕೊಟ್ಟು ಯಾವ ಪೋಲರೈಸೇಶನ್ (ಅಲೆ ನೆಟ್ಟಗಿನದೋ ಅಡ್ಡದ್ದೋ) ಬೇಕು ಅಂತ ಹೇಳುತ್ತದೆ, 22 ಕಿಲೋಹರ್ಟ್ಜ್ ಟೋನ್‌ನಿಂದ ಯಾವ ಬ್ಯಾಂಡ್ ಅಂತ ಹೇಳುತ್ತದೆ. ಎರಡು ಬಾಕ್ಸನ್ನು ಕೇಬಲ್ ಟಿವಿ ಸ್ಪ್ಲಿಟರಿನಲ್ಲಿ ಸೇರಿಸಿದರೆ ಒಬ್ಬರು ಚಾನೆಲ್ ಬದಲಿಸಿದಾಗ ಇನ್ನೊಬ್ಬರ ಚಾನೆಲ್ ಹೋಗುತ್ತದೆ, ಇಬ್ಬರಲ್ಲೂ ಜಗಳ. ಫ್ರೀ ಡಿಶ್ ಮುಂದೆ ಎರಡು ಮನೆಗೆ ಬೇಕಾದರೆ ಇನ್ನೊಂದು ಡಿಶ್ ಬೇಡ, ಅದೇ ಡಿಶ್‌ಗೆ ಟ್ವಿನ್ ಎಲ್‌ಎನ್‌ಬಿ ಹಾಕಿ, ಎರಡು ಕೇಬಲ್ ಇಳಿಸಿ.

ಎಫ್ ಕನೆಕ್ಟರ್ ಹಾಕುವಾಗ ಒಳಗಿನ ಬಿಳಿ ಫೋಮ್ ಕನೆಕ್ಟರಿನ ತಳಕ್ಕೆ ಸಮವಾಗಿ ಬರಬೇಕು, ನಡುವಿನ ತಂತಿ ಬಾಯಿಯಿಂದ ಒಂದೆರಡು ಮಿ.ಮೀ. ಹೊರಗೆ ಕಾಣಬೇಕು. ಹೆಣಿಗೆಯ ಒಂದು ಎಳೆ, ಕೂದಲಿನಷ್ಟು ಸಣ್ಣದು, ನಡುವಿನ ತಂತಿಗೆ ತಾಗಿದರೂ ಶಾರ್ಟ್ ಆಗಿ ಎಲ್‌ಎನ್‌ಬಿಗೆ ವೋಲ್ಟೇಜೇ ಹೋಗುವುದಿಲ್ಲ. ಬೆಳಕಿಗೆ ಹಿಡಿದು ನೋಡಿಯೇ ತಿರುಗಿಸಿ. ಹೊರಗಡೆಯ ಕನೆಕ್ಟರಿಗೆ ಮಾಮೂಲಿ ಕಪ್ಪು ಇನ್ಸುಲೇಶನ್ ಟೇಪ್ ಸುತ್ತಬೇಡಿ. ಬಿಸಿಲಿಗೆ ಅದರ ಅಂಟು ಕರಗಿ ಸುರುಳಿ ಬಿಚ್ಚಿಕೊಳ್ಳುತ್ತದೆ, ಮಳೆನೀರು ಒಳಗೆ ನಿಲ್ಲುತ್ತದೆ. ತನಗೆ ತಾನೇ ಬೆಸೆಯುವ ರಬ್ಬರ್ ಟೇಪ್ ಬರುತ್ತದೆ, ಅದನ್ನು ಎಳೆದು ಅರ್ಧರ್ಧ ಮೇಲೇರಿಸಿ ಸುತ್ತಿ. ಎಲ್‌ಎನ್‌ಬಿ ಹತ್ತಿರ ಕೇಬಲ್ ಒಂದು ಬಾಗು ಕೆಳಗಿಳಿದು ಮತ್ತೆ ಮೇಲೇರಲಿ, ನೀರು ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ದುರ್ಗ ಅಂದಮೇಲೆ ಕೋತಿ ಇದ್ದೇ ಇರುತ್ತವೆ. ಜೋತಾಡಲು ಎಲ್‌ಎನ್‌ಬಿ ಆರ್ಮ್‌ಗಿಂತ ಸಡಿಲ ಕೇಬಲ್ಲೇ ಅವಕ್ಕೆ ಇಷ್ಟ. ಅಡ್ಡ ಪೈಪಿನಿಂದ ಕೇಬಲನ್ನು ಕಂಬದ ಒಳಗೇ ಇಳಿಸಿ, ತೂತಿನ ಅಂಚಿಗೆ ರಬ್ಬರ್ ಗ್ರಾಮೆಟ್ ಹಾಕಿ, ಇಲ್ಲದಿದ್ದರೆ ಪೈಪಿನ ಚೂಪು ಅಂಚು ಕೇಬಲ್ ಕೊಯ್ಯುತ್ತದೆ. ಹೊರಗೆ ಕಟ್ಟುವ ಟೈಗಳು ಕಪ್ಪು ಯುವಿ ಟೈಗಳೇ ಆಗಲಿ. ಬಿಳಿಯವು ಬಿಸಿಲಿಗೆ ಪುಡಿಯಾಗುತ್ತವೆ.

ಅರ್ಥಿಂಗ್ ಮರೆಯಬೇಡಿ. ಏಪ್ರಿಲ್, ಮೇನಲ್ಲಿ ಸಂಜೆ ಗುಡುಗು ಬರುವ ಊರು, ತಾರಸಿಯ ಮೇಲೆ ಎದ್ದು ನಿಂತಿರುವುದು ಈ ಕಬ್ಬಿಣವೇ. ಕಂಬದ ಬುಡಕ್ಕೆ ಒಂದು ಬೋಲ್ಟ್ ಹಾಕಿ, ಪೇಂಟ್ ಕೆರೆದು, 6 ಚದರ ಮಿ.ಮೀ. ತಾಮ್ರದ ತಂತಿಯನ್ನು ಆದಷ್ಟು ನೇರವಾಗಿ ಮನೆಯ ಅರ್ಥ್ ಪಿಟ್‌ಗೆ ಇಳಿಸಿ. ಹೊಸ ಪಿಟ್ ತೋಡಿದರೂ ಹಳೆಯದಕ್ಕೆ ಸೇರಿಸಲೇಬೇಕು. ನೇರ ಸಿಡಿಲು ಬಿದ್ದರೆ ಇದೇನೂ ತಡೆಯುವುದಿಲ್ಲ, ಹತ್ತಿರ ಬಿದ್ದಾಗ ಎಲ್‌ಎನ್‌ಬಿ ಮತ್ತು ಬಾಕ್ಸ್ ಉಳಿಯುವ ಅವಕಾಶ ಹೆಚ್ಚು. ಗುಡುಗು ಕೇಳಿದಾಗ ಬಾಕ್ಸಿನ ಪ್ಲಗ್ ಮತ್ತು ಕೇಬಲ್ ಎರಡನ್ನೂ ಕಳಚುವುದು ಇನ್ನೂ ಒಳ್ಳೆಯದು. ಇನ್ನೊಂದು ಮಾತು: ಕಂಬ ಎತ್ತಿ ನಿಲ್ಲಿಸುವಾಗ ಬೆಸ್ಕಾಂ ತಂತಿ ಎಷ್ಟು ದೂರ ಇದೆ ನೋಡಿಕೊಳ್ಳಿ. ಕಂಬ ಕೈತಪ್ಪಿ ಯಾವ ಕಡೆ ಬಿದ್ದರೂ ತಂತಿ ಸಿಗಬಾರದು.

ಕೋಟೆಬಾಗಿಲು

ಹೆಡ್‌ರೂಮ್ ಗೋಡೆ 9 ಇಂಚಿನದೇ. 7 ಅಡಿ ಪೈಪ್, ಅಡ್ಡ ಪೈಪ್ 1.6 ಮೀಟರ್ ಅಂತ ಬರೆದುಕೊಂಡೆ. ಅಡ್ಡ ಪೈಪ್ ಯಾವ ದಿಕ್ಕಿಗೆ ಇರಬೇಕು, ಯಾವ ಡಿಶ್ ಯಾವ ಕಡೆ? ಟ್ಯೂನಿಂಗ್‌ಗೆ ಹತ್ತಿರ ಇರುವುದು ಸಣ್ಣ ಬೀಪ್ ಫೈಂಡರ್ ಮಾತ್ರ.

ಡಿಬಿಮೀಟರ್

ಅಡ್ಡ ಪೈಪ್ ಈಶಾನ್ಯದಿಂದ ನೈಋತ್ಯಕ್ಕೆ. ಆಗ್ನೇಯಕ್ಕೆ ಮುಖ ಮಾಡಿ ನಿಂತರೆ ಎಡತುದಿಯಲ್ಲಿ ಏರ್‌ಟೆಲ್, ನಡುವೆ ಫ್ರೀ ಡಿಶ್, ಬಲತುದಿಯಲ್ಲಿ ಟಾಟಾ ಪ್ಲೇ. ಆಗ ಮೂರೂ ಬೀಸಣಿಗೆಯ ಹಾಗೆ ಒಂದರಿಂದೊಂದು ದೂರ ತಿರುಗುತ್ತವೆ. ಅದಲುಬದಲು ಮಾಡಿದರೆ ಎಲ್‌ಎನ್‌ಬಿ ಆರ್ಮ್‌ಗಳು ನಡುವಿನ ಡಿಶ್‌ನ ಮುಂದಕ್ಕೆ ಬಂದು ಅಡ್ಡಾಗುತ್ತವೆ.

ದಿಕ್ಸೂಚಿಯನ್ನು ಪೈಪಿನ ಹತ್ತಿರ ಹಿಡಿಯಬೇಡಿ, ಕಬ್ಬಿಣ ಅದನ್ನು ಎಳೆದು ಸುಳ್ಳು ಹೇಳಿಸುತ್ತದೆ. ಮೂರ್ನಾಲ್ಕು ಮೀಟರ್ ಹಿಂದೆ ನಿಂತು ದಿಕ್ಕು ನೋಡಿ, ಪ್ಯಾರಾಪೆಟ್ ಮೇಲೆ ಸುಣ್ಣದಲ್ಲಿ ಮೂರು ಗುರುತು ಹಾಕಿ.

ಮೊದಲು ಎತ್ತರದ ಕೋನವನ್ನು ಬ್ರಾಕೆಟ್ಟಿನ ಸ್ಕೇಲಿನಲ್ಲಿ ಇಡಿ, ಆಮೇಲೆ ಎಡಬಲ ನಿಧಾನ ತಿರುಗಿಸಿ. ಇಲ್ಲೊಂದು ವಿಷಯ ತಿಳಿದಿದ್ದರೆ ಅರ್ಧ ಕೆಲಸ ಸುಲಭ. 72 ಡಿಗ್ರಿ ಎತ್ತರದಲ್ಲಿ ಡಿಶ್ ಒಂದು ಡಿಗ್ರಿ ಎಡಬಲ ತಿರುಗಿದರೆ ಆಕಾಶದಲ್ಲಿ ಸರಿಯುವುದು ಮೂರನೇ ಒಂದು ಡಿಗ್ರಿಯಷ್ಟೇ. ಟಾಟಾ ಪ್ಲೇ ಡಿಶ್ ಎಡಬಲದಲ್ಲಿ ಸಡಿಲ ಅನಿಸುತ್ತದೆ, ಎತ್ತರದಲ್ಲಿ ತುಂಬ ಸೂಕ್ಷ್ಮ. ಎತ್ತರ ಅರ್ಧ ಡಿಗ್ರಿ ತಪ್ಪಿದ್ದರೂ ಸುತ್ತ ಸುತ್ತಿಸಿಕೊಂಡು ಹುಡುಕುತ್ತಲೇ ಇರುತ್ತೀರಿ. ಏರ್‌ಟೆಲ್ 50 ಡಿಗ್ರಿಯಲ್ಲಿರುವುದರಿಂದ ಎಡಬಲವೂ ಚೆನ್ನಾಗಿ ಗೊತ್ತಾಗುತ್ತದೆ. ಅದನ್ನೇ ಮೊದಲು ಹಿಡಿಯಿರಿ, ಕೈ ಪಳಗುತ್ತದೆ.

ಬೀಪ್ ಫೈಂಡರ್ ಯಾವ ಉಪಗ್ರಹ ಸಿಕ್ಕರೂ ಕೂಗುತ್ತದೆ. 93.5ರ ಪಕ್ಕದಲ್ಲೇ, ಒಂದೂವರೆ ಡಿಗ್ರಿ ಆಚೆ, 95ರಲ್ಲಿ ಎಸ್‌ಇಎಸ್-8 ಇದೆ. ಫೈಂಡರ್ ಜೋರಾಗಿ ಕೂಗಿ, ಫ್ರೀ ಡಿಶ್ ಬಾಕ್ಸಿನಲ್ಲಿ ಸ್ಟ್ರೆಂತ್ ತುಂಬಿ, ಕ್ವಾಲಿಟಿ ಸೊನ್ನೆ ಇದ್ದರೆ ನೀವು ಹಿಡಿದಿರುವುದು ಅದನ್ನೇ. ಡಿಶ್‌ನ ಹಿಂದೆ ನಿಂತು ಸ್ವಲ್ಪ ಬಲಕ್ಕೆ, ಕೂದಲೆಳೆ ಮೇಲಕ್ಕೆ ತನ್ನಿ. ಕೊನೆಯ ಹೊಂದಾಣಿಕೆಗೆ ಫೈಂಡರ್ ಕಳಚಿಟ್ಟು ಬಾಕ್ಸಿನ ಕ್ವಾಲಿಟಿ ಪಟ್ಟಿಯನ್ನೇ ನಂಬಿ. ಕೆಳಗೆ ಒಬ್ಬರು ಟಿವಿ ಮುಂದೆ ಕೂತು ಫೋನಿನಲ್ಲಿ ಅಂಕಿ ಓದಲಿ.

ಎಲ್‌ಎನ್‌ಬಿಯನ್ನೂ ಅದರ ಹಿಡಿಕೆಯಲ್ಲಿ ತಿರುಗಿಸಬೇಕು. ಮೂರೂ ಉಪಗ್ರಹ ನಮಗೆ ಪೂರ್ವದ ಕಡೆ ಇರುವುದರಿಂದ, ಡಿಶ್‌ನ ಹಿಂದೆ ನಿಂತು ನೋಡಿದರೆ ಅಪ್ರದಕ್ಷಿಣೆಯಾಗಿ. ಲೆಕ್ಕಕ್ಕೆ 83ಕ್ಕೆ 24 ಡಿಗ್ರಿ, 93.5ಕ್ಕೆ 49, 108.2ಕ್ಕೆ 64 ಬರುತ್ತದೆ. ಇದು ಶುರು ಮಾಡುವ ಗುರುತು ಮಾತ್ರ, ಅಲ್ಲಿಂದ ಎರಡೂ ಕಡೆಗೆ ತಿರುಗಿಸಿ ಕ್ವಾಲಿಟಿ ಎಲ್ಲಿ ಹೆಚ್ಚೋ ಅಲ್ಲಿ ನಿಲ್ಲಿಸಿ. ಈಗ ಚೆನ್ನಾಗಿ ಬರುತ್ತಿರುವ ಡಿಶ್‌ಗಳೇ ಆದ್ದರಿಂದ, ಕೀಳುವ ಮುಂಚೆ ಎಲ್‌ಎನ್‌ಬಿ ಮತ್ತು ಹಿಡಿಕೆಗೆ ಸೇರಿಸಿ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿಟ್ಟುಕೊಳ್ಳಿ. ಎತ್ತರದ ಸ್ಕೇಲಿಗೂ ಹಾಗೇ. ಹೊಸ ಗಿಡ್ಡ ಪೈಪ್ ನೆಟ್ಟಗಿದ್ದರೆ ಆ ಗೆರೆಗೆ ತೀರಾ ಹತ್ತಿರದಲ್ಲೇ ಸಿಗ್ನಲ್ ಸಿಗುತ್ತದೆ. ಹಳೆಯ ಕಾಲು ವಾಲಿ ಕೂತಿದ್ದರೆ ಮಾತ್ರ ವ್ಯತ್ಯಾಸ ಬರುತ್ತದೆ.

ಬಿಗಿಯುವಾಗ ಒಂದು ನಟ್ಟನ್ನೇ ಪೂರ್ತಿ ಬಿಗಿಯಬೇಡಿ, ಎಡಬಲ ಕಾಲು ಸುತ್ತು ಕಾಲು ಸುತ್ತು. ಎತ್ತರದ ಬೋಲ್ಟ್ ಬಿಗಿಯಾಗುವಾಗ ಡಿಶ್ ಮೇಲಕ್ಕೆ ಅರ್ಧ ಡಿಗ್ರಿ ಜಿಗಿಯುತ್ತದೆ. ಕ್ವಾಲಿಟಿ ನೋಡುತ್ತಲೇ ಬಿಗಿಯಿರಿ.

ವೆಲ್ಡಿಂಗ್_ಚಳ್ಳಕೆರೆ

ಕೆಲಸದ ಕ್ರಮ ತಪ್ಪಬಾರದು. ಗೋಡೆಯ ಬೋಲ್ಟುಗಳನ್ನು ವಾಟರ್‌ಪ್ರೂಫಿಂಗ್‌ಗೆ ಮುಂಚೆಯೇ ಹಾಕಿ. ಹಳೆಯ 12 ತೂತಿನಿಂದ ಬೋಲ್ಟ್ ಕಿತ್ತು, ಧೂಳು ಊದಿ ತೆಗೆದು, ಕುಗ್ಗದ ಗ್ರೌಟ್ ತುಂಬಿಸಿ ಒಣಗಲು ಬಿಟ್ಟು, ಆಮೇಲೆ ಕೋಟಿಂಗ್. ಬರೀ ಸಿಮೆಂಟ್ ಹಾಲು ಸುರಿದರೆ ಒಣಗಿ ಸಂದು ಬಿಡುತ್ತದೆ. ಡಿಶ್ ಏರಿಸುವುದು ಕೋಟಿಂಗ್ ಪೂರ್ತಿ ಒಣಗಿದ ಮೇಲೆ, ಏಣಿಯ ಕಾಲಿಗೆ ಗೋಣಿಚೀಲ ಸುತ್ತಿ. ಮೊದಲ ಜೋರು ಗಾಳಿ ಬೀಸಿದ ಮಾರನೆಯ ದಿನ ಎಲ್ಲ ನಟ್ಟಿಗೂ ಒಂದು ಸಲ ಸ್ಪ್ಯಾನರ್ ಹಾಕಿ ನೋಡಿ, ಪೇಂಟ್ ಒತ್ತಿಕೊಂಡು ಕೂತ ಮೇಲೆ ಅರ್ಧ ಸುತ್ತು ಹಿಡಿಯುತ್ತದೆ.